ಹುಡುಗರು ದಿನಾ ತಿರುಗುತ್ತಾರೆ, ಕೊಟೇಶನ್ ಹೋಗುತ್ತದೆ, ಬಿಲ್ ಮಾತ್ರ ಆಗುತ್ತಿಲ್ಲ. ಏನು ಮಾಡಲಿ?

ಗೋಣಿಕೊಪ್ಪ ಅಂಗಡಿ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪದಲ್ಲಿ ತೋಟದ ಯಂತ್ರಗಳ ಅಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಕಳೆ ಕತ್ತರಿಸುವ ಬ್ರಷ್ ಕಟರ್, ಸ್ಪ್ರೇಯರ್, ಡೀಸೆಲ್ ಪಂಪ್, ಸ್ಪ್ರಿಂಕ್ಲರ್ ಪೈಪು, ಅದರ ಬಿಡಿಭಾಗ, ಇಷ್ಟು ನಮ್ಮ ವ್ಯಾಪಾರ. ಹೊರಗೆ ತಿರುಗುವ ಹುಡುಗರು 4 ಜನ. ಒಬ್ಬ ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟದ ಕಡೆ. ಒಬ್ಬ ವಿರಾಜಪೇಟೆ, ಅಮ್ಮತ್ತಿ. ಒಬ್ಬ ಪಾಲಿಬೆಟ್ಟ, ಸಿದ್ದಾಪುರ. ಇನ್ನೊಬ್ಬ ತಿತಿಮತಿ, ಬಾಳೆಲೆ.

ಜುಲೈನಿಂದ ಸೆಪ್ಟೆಂಬರ್‌ವರೆಗೆ 3 ತಿಂಗಳಲ್ಲಿ 74 ಕೊಟೇಶನ್ ಕೊಟ್ಟಿದ್ದೇವೆ. ಬಿಲ್ ಆಗಿದ್ದು 11. ಅದರಲ್ಲಿ 6 ಅಮ್ಮತ್ತಿ ಕಡೆ ಹೋಗುವ ಹುಡುಗನದ್ದೇ. ಉಳಿದ ಮೂವರದ್ದು ಸೇರಿ 5. ಮಾಲೀಕರು ಟಾರ್ಗೆಟ್ ಏರಿಸಿದರು, ಆಗಲಿಲ್ಲ. ಕಮಿಷನ್ ಏರಿಸಿದೆವು, ಅದೂ ಆಗಲಿಲ್ಲ. ದಿನಕ್ಕೆ ಇಂತಿಷ್ಟು ತೋಟಕ್ಕೆ ಹೋಗಲೇಬೇಕು ಅಂತ ಬೆಳಿಗ್ಗೆ 9 ಗಂಟೆಗೆ ಮೀಟಿಂಗ್ ಮಾಡಿ ಜೋರು ಮಾಡಿದ್ದೂ ಆಯಿತು. ಹೋಗುತ್ತಾರೆ, ಬರುತ್ತಾರೆ, ಪೆಟ್ರೋಲ್ ಬಿಲ್ ಕೊಡುತ್ತಾರೆ. ಕೇಳಿದರೆ "ಸರ್, ಅವರು ರೇಟ್ ಜಾಸ್ತಿ ಅಂತಾರೆ" ಅಂತ ಒಂದೇ ಉತ್ತರ.

ಈಗ ಮಾಲೀಕರು ಇಬ್ಬರನ್ನು ಬಿಡಿಸಿ ಹೊಸಬರನ್ನು ತೆಗೆದುಕೊಳ್ಳೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ, ಇಬ್ಬರೂ ಒಳ್ಳೆಯ ಹುಡುಗರು, ಮನೆಯಲ್ಲಿ ಕಷ್ಟ ಇದೆ. ಆದರೆ ಸುಮ್ನೆ ಕೂರುವ ಹಾಗೂ ಇಲ್ಲ. ಮುಂದಿನ ತಿಂಗಳು ಅರೇಬಿಕಾ ಕಾಫಿ ಕೊಯ್ಲು ಶುರು, ಅದಕ್ಕೆ ಮೊದಲು ತೋಟದ ಕಳೆ ತೆಗೆಯುವ ಕೆಲಸ ಎಲ್ಲ ಕಡೆ ಇರುತ್ತದೆ. ಇದು ನಮ್ಮ ಹೊತ್ತು. ಟ್ರೈನಿಂಗ್ ಕೊಡಿಸಬೇಕಾ? ಮೊಬೈಲ್ ಆ್ಯಪ್ ಹಾಕಿ ಎಲ್ಲಿ ಹೋದರು ಅಂತ ನೋಡಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸುಂಟಿಕೊಪ್ಪ ಪಂಪ್:

19 ವರ್ಷದಿಂದ ಪಂಪ್ ಮತ್ತು ಮೋಟಾರ್ ಮಾರುತ್ತಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ನೀವು ಕೇಳಬೇಕಾದ ಪ್ರಶ್ನೆ "ಹುಡುಗರನ್ನು ಏನು ಮಾಡಲಿ" ಅಲ್ಲ. ಬಿಲ್ ಆಗದ ಆ 63 ಕೊಟೇಶನ್ ಎಲ್ಲಿ ನಿಂತವು? ಅದನ್ನು ಮೊದಲು ನೋಡಿ. ಒಂದು ಭಾನುವಾರ ಕುಳಿತು ಎಲ್ಲ ಕಾರ್ಬನ್ ಕಾಪಿ ತೆಗೆದು ಮೇಜಿನ ಮೇಲೆ ಹರಡಿ. ಒಂದೊಂದರ ಹಿಂದೆ ಬರೆಯಿರಿ. ಕಾಗದ ಯಾರ ಕೈಗೆ ಕೊಟ್ಟಿದ್ದು, ದುಡ್ಡು ಕೊಡುವವರು ಯಾರು, ಎರಡನೇ ಸಲ ಯಾವಾಗ ಫೋನ್ ಮಾಡಿದ್ದು, ಕೊನೆಗೆ ಏನಂದರು. "ರೇಟ್ ಜಾಸ್ತಿ" ಅನ್ನುವುದನ್ನು ಉತ್ತರ ಅಂತ ಒಪ್ಪಬೇಡಿ. ಅದು ಬೇಡ ಅನ್ನುವುದಕ್ಕೆ ನಮ್ಮ ಜನ ಮರ್ಯಾದೆಯಿಂದ ಹೇಳುವ ಮಾತು, ಅಷ್ಟೇ.

ನನಗೂ ಇದೇ ಆಗಿತ್ತು. ಆಗ ಒಬ್ಬ ಹುಡುಗನ ಜೊತೆ ನಾನೇ 3 ದಿನ ಹೋದೆ. ಮಾದಾಪುರದ ಹತ್ತಿರ ಒಂದು ತೋಟ. ತೋಟದವರು ಶೆಡ್ಡಿನ ಮುಂದೆ ನಿಂತಿದ್ದರು, ಪಕ್ಕದಲ್ಲಿ ಹಳೇ ಬ್ರಷ್ ಕಟರ್ ಗೋಡೆಗೆ ಒರಗಿತ್ತು. ನಮ್ಮ ಹುಡುಗ ಶುರು ಮಾಡಿದ, ಎಷ್ಟು ಸಿಸಿ, ಎಷ್ಟು ತೂಕ, ಯಾವ ಬ್ಲೇಡು, ವಾರಂಟಿ ಎಷ್ಟು ಅಂತ ಪಾಠ ಒಪ್ಪಿಸಿದ ಹಾಗೆ ಹೇಳಿದ. ಪಾಪ, ತಪ್ಪಿಲ್ಲದೆ ಹೇಳಿದ. ಆದರೆ ತೋಟದವರ ಕಣ್ಣು ಪೂರಾ ಆ ಹಳೇ ಮೆಷಿನ್ ಮೇಲೆ. ಅದರ ಟ್ಯಾಂಕಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕಿ ನೆಲ ಕಪ್ಪಾಗಿತ್ತು. ನಾನು ಸುಮ್ನೆ ಕೇಳಿದೆ, "ಇದು ನಿಂತು ಎಷ್ಟು ದಿನ ಆಯ್ತು ಸರ್?" ಅಷ್ಟೇ. ಅವರು ಹತ್ತು ನಿಮಿಷ ಮಾತಾಡಿದರು. ನಿಂತು 12 ದಿನ ಆಗಿದೆ, ಎರಡು ಸಲ ಪಿಸ್ಟನ್ ಜಾಮ್ ಆಗಿದೆ, ಓಡಿಸುವ ಕೆಲಸದವನು ಬದಲಾಗುತ್ತಿರುತ್ತಾನೆ, ಅಸ್ಸಾಮಿನಿಂದ ಬಂದ ಹುಡುಗನಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ.

ಅವರಿಗೆ ಬೇಕಾಗಿದ್ದು ಜಾಸ್ತಿ ಸಿಸಿ ಅಲ್ಲ, ಕೆಲಸದವನು ಬದಲಾದರೂ ಕೆಡದ ಮೆಷಿನ್. ಆಯಿಲ್ ಬೆರೆಸುವ ತಲೆನೋವು ಇಲ್ಲದ 4 ಸ್ಟ್ರೋಕ್ ತೋರಿಸಿದೆವು. ಇಳಿಜಾರು ತೋಟ ಆದ್ದರಿಂದ ಬೆನ್ನಿಗೆ ಹಾಕಿಕೊಳ್ಳುವ ಮಾದರಿ. 2 ಸ್ಟ್ರೋಕಿಗಿಂತ ರೇಟ್ ಜಾಸ್ತಿಯೇ ಇತ್ತು. ಅವತ್ತೇ ತೆಗೆದುಕೊಂಡರು.

ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. 4 ವಿಷಯ ಗೊತ್ತಾಗದೆ ಕೊಟೇಶನ್ ಪುಸ್ತಕ ಬ್ಯಾಗಿನಿಂದ ಹೊರಗೆ ಬರಬಾರದು. ಈಗ ಏನು ಬಳಸುತ್ತಿದ್ದಾರೆ, ಅದರಲ್ಲಿ ಏನು ತೊಂದರೆ, ಯಾರು ಓಡಿಸುತ್ತಾರೆ, ದುಡ್ಡಿನ ತೀರ್ಮಾನ ಯಾರದ್ದು. ನಮ್ಮ ಕೊಟೇಶನ್ ಅರ್ಧಕ್ಕಿಂತ ಕಡಿಮೆ ಆಯಿತು, ಬಿಲ್ ಜಾಸ್ತಿ ಆಯಿತು. ಆ್ಯಪ್ ವಿಷಯ ಆಮೇಲೆ ನೋಡಿ. ಹುಡುಗ ಎಲ್ಲಿ ನಿಂತಿದ್ದಾನೆ ಅಂತ ಆ್ಯಪ್ ಹೇಳುತ್ತದೆ, ಅಲ್ಲಿ ಏನು ಮಾತಾಡಿದ ಅಂತ ಹೇಳುವುದಿಲ್ಲ.

ಅಮ್ಮತ್ತಿ ತೋಟ:

ನಾನು ಮಾರುವವನಲ್ಲ, ಕೊಳ್ಳುವವನು. ಆ ಕಡೆಯ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಎಷ್ಟೋ ತೋಟದ ಮಾಲೀಕರು ಬೆಂಗಳೂರು, ಮೈಸೂರಿನಲ್ಲಿ ಇದ್ದಾರೆ. ತೋಟದಲ್ಲಿ ಸಿಗುವುದು ಲೆಕ್ಕ, ಹಾಜರಿ ಬರೆಯುವ ರೈಟರ್, ಇಲ್ಲವಾದರೆ ಮೇಸ್ತ್ರಿ. ನಿಮ್ಮ ಹುಡುಗ ಬರುತ್ತಾನೆ, ರೈಟರ್ ಕೈಗೆ ಕಾಗದ ಕೊಡುತ್ತಾನೆ, ರೈಟರ್ ಅದನ್ನು ಹಾಜರಿ ಪುಸ್ತಕದ ಒಳಗೆ ಇಡುತ್ತಾನೆ. ಮುಗೀತು. ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ರೈಟರ್‌ಗೆ ಯಾಕೆ ಬೇಕು ಆ ಉಸಾಬರಿ? ಹೊಸ ಮೆಷಿನ್ ಕೆಟ್ಟರೆ ಬೈಗುಳ ತಿನ್ನುವವನು ಅವನೇ, ಅಲ್ವಾ. ಅವನ ಭಯ ಹೋಗುವ ಹಾಗೆ ಮೊದಲು ಅವನ ಹತ್ತಿರ ಮಾತಾಡಿ, ಅವನನ್ನೇ ಕೇಳಿ ಮಾಲೀಕರ ನಂಬರ್ ತೆಗೆದುಕೊಳ್ಳಿ, ಅವನ ಎದುರೇ ಫೋನ್ ಮಾಡಿ. ಅವನನ್ನು ದಾಟಿ ಹೋದರೆ ಕೆಲಸ ಕೆಟ್ಟಿತು.

ಎರಡನೆಯದು, ನಮ್ಮ ಕೈಯಲ್ಲಿ ದುಡ್ಡು ಯಾವಾಗ ಇರುತ್ತದೆ ಅನ್ನುವುದು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಕಾಫಿ ಜನವರಿಯಿಂದ ಮಾರ್ಚ್‌ವರೆಗೆ, ಅದರ ಹಿಂದೆಯೇ ಕರಿಮೆಣಸು. ಕಣದಲ್ಲಿ ಒಣಗಿ, ಚೀಲ ತುಂಬಿ, ಮಾರಿದ ಮೇಲೆ ದುಡ್ಡು. ಅದಕ್ಕೆ ಮೊದಲು ಕೊಯ್ಲಿನ ಕೂಲಿಗೇ ಕೈ ಖಾಲಿ ಆಗಿರುತ್ತದೆ. ನವೆಂಬರ್‌ನಲ್ಲಿ ಬಂದು ಪೂರ್ತಿ ದುಡ್ಡು ಕೇಳಿದರೆ "ರೇಟ್ ಜಾಸ್ತಿ" ಅಂತಲೇ ಹೇಳುತ್ತೇವೆ. ರೇಟ್ ಜಾಸ್ತಿ ಅಂತಲ್ಲ, ಆ ದಿನ ದುಡ್ಡಿಲ್ಲ ಅಂತ.

ಮೂರನೆಯದೇ ದೊಡ್ಡದು. ರೊಬಸ್ಟಾ ತೋಟದವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿನ ನೀರು ಅಂದರೆ ಜೀವ ಹೋಗುವ ವಿಷಯ. ಮೊಗ್ಗು ಬಲಿತಾಗ ಒಂದು, ಒಂದೂವರೆ ಇಂಚು ನೀರು ಸಿಗಬೇಕು. ಮಳೆ ಬಂದರೆ ಸರಿ, ಇಲ್ಲವಾದರೆ ಸ್ಪ್ರಿಂಕ್ಲರ್. ನೀರು ಬಿದ್ದು 8–10 ದಿನಕ್ಕೆ ತೋಟ ಪೂರಾ ಬೆಳ್ಳಗಾಗುತ್ತದೆ. ಮತ್ತೆ ಮೂರು ವಾರದ ಆಸುಪಾಸಿನಲ್ಲಿ ಬ್ಯಾಕಿಂಗ್ ನೀರು, ಅಂದರೆ ಹೂವು ಕಾಯಿ ಕಚ್ಚಲು ಕೊಡುವ ಎರಡನೇ ನೀರು. ಆ ಹೊತ್ತಿಗೆ ಪಂಪ್ ನಿಂತರೆ ಮುಂದಿನ ವರ್ಷದ ಬೆಳೆಯೇ ಹೋಯಿತು. 2 ವರ್ಷದ ಹಿಂದೆ ಮಾರ್ಚ್‌ನಲ್ಲಿ ನನ್ನ ಪಂಪ್ ರಾತ್ರಿ 9 ಗಂಟೆಗೆ ನಿಂತಿತು. ಮೆಷಿನ್ ಮಾರಿದ ಅಂಗಡಿಯವರು ಫೋನ್ ಎತ್ತಲಿಲ್ಲ. ಬೇರೆ ಅಂಗಡಿಯ ಹುಡುಗ, ನನಗೆ ಏನೂ ಮಾರದೇ ಇದ್ದವನು, ಟಾರ್ಚ್ ಹಿಡಿದುಕೊಂಡು ಬಂದು ಹೊಳೆ ದಡದಲ್ಲಿ ಕುಳಿತು ಸರಿ ಮಾಡಿಕೊಟ್ಟು ಹೋದ. ಆಮೇಲೆ ನಾನು ತೆಗೆದುಕೊಂಡ ಎಲ್ಲ ಮೆಷಿನ್ ಅವನ ಕೈಯಿಂದಲೇ. ರೇಟ್ ಕೇಳಿಯೇ ಇಲ್ಲ.

ಗೋಣಿಕೊಪ್ಪ ಅಂಗಡಿ:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ಅಂಗಡಿ ಮುಚ್ಚಿದ ಮೇಲೆ ಕಾರ್ಬನ್ ಕಾಪಿ ತೆಗೆದು ಕುಳಿತೆ, ರಾತ್ರಿ 11 ಆಯಿತು. 63ರಲ್ಲಿ 29 ರೈಟರ್ ಅಥವಾ ಮೇಸ್ತ್ರಿ ಕೈಗೆ ಹೋಗಿವೆ. ಎರಡನೇ ಸಲ ಫೋನೇ ಮಾಡದೆ ಬಿಟ್ಟಿದ್ದು 41. ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು. ಇಷ್ಟು ದಿನ ಮೀಟಿಂಗ್‌ನಲ್ಲಿ "ಇವತ್ತು ಎಷ್ಟು ಕೊಟೇಶನ್" ಅಂತ ಕೇಳುತ್ತಿದ್ದೆ, "ನಿನ್ನೆಯದು ಏನಾಯಿತು" ಅಂತ ಒಂದು ದಿನವೂ ಕೇಳಿಲ್ಲ.

ಅಮ್ಮತ್ತಿ ಕಡೆಯ ಹುಡುಗ ಹೇಗೆ ಮಾರುತ್ತಾನೆ ಅಂತಲೂ ಕೇಳಿದೆ. ಅವನು ಗಾಡಿ ಹಿಂದೆ ಒಂದು ಡೆಮೊ ಮೆಷಿನ್ ಕಟ್ಟಿಕೊಂಡೇ ಹೋಗುತ್ತಾನಂತೆ. ಅರ್ಧ ಗಂಟೆ ಕೆಲಸದವನ ಕೈಗೇ ಕೊಟ್ಟು ಓಡಿಸಲು ಹೇಳುತ್ತಾನಂತೆ. 1 ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, ನಮ್ಮ 2 ಸ್ಟ್ರೋಕ್ ಮೆಷಿನ್‌ಗಳಿಗೆ ಅದೇ ಲೆಕ್ಕ, ಅದನ್ನು ಒಂದು ಬಾಟಲಿಗೆ ಗೆರೆ ಎಳೆದು ತೋಟದಲ್ಲೇ ಬಿಟ್ಟು ಬರುತ್ತಾನಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಉಳಿದ ಮೂವರ ಹತ್ತಿರ ಡೆಮೊ ಮೆಷಿನ್ ಇಲ್ಲ, ನಾವು ಕೊಟ್ಟೇ ಇಲ್ಲ.

ಹೆಸರು ಬೇಡ, ಫೀಲ್ಡ್ ಹುಡುಗ:

ನಾನು ಬೇರೆ ಅಂಗಡಿಯಲ್ಲಿ ನಿಮ್ಮ ಹುಡುಗರ ಕೆಲಸವನ್ನೇ ಮಾಡುತ್ತೇನೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

ದಿನಕ್ಕೆ ಇಷ್ಟು ಕೊಟೇಶನ್ ಬೇಕು ಅಂತ ಜೋರು ಮಾಡಿದರೆ ನಾವು ಕೊಟೇಶನ್ ತರುತ್ತೇವೆ. ಬೇಡ ಅಂದವರಿಗೂ ಬರೆದು ಕೊಟ್ಟು ಬರುತ್ತೇವೆ. ನಾನೂ ಬರೆದಿದ್ದೇನೆ, ಸಂಜೆ 5ಕ್ಕೆ ಇನ್ನೂ 2 ಬಾಕಿ ಇದ್ದರೆ ದಾರಿಯಲ್ಲಿ ಸಿಕ್ಕಿದ ಪರಿಚಯದವರ ಹೆಸರಿಗೆ. ಅದು ಮೋಸ ಅಂತ ನನಗೂ ಗೊತ್ತಿತ್ತು, ಆದರೆ ಬೆಳಿಗ್ಗೆ ಎಲ್ಲರ ಎದುರು ಬೈಸಿಕೊಳ್ಳಲು ಆಗುತ್ತಿರಲಿಲ್ಲ. ನಿಮ್ಮ 74ರಲ್ಲೂ ಅಂಥವು ಇರಬಹುದು. ಅದಕ್ಕಾಗಿ ಹುಡುಗರನ್ನು ಬಿಡಿಸಬೇಡಿ ಅಣ್ಣಾ, ಲೆಕ್ಕ ಕೇಳುವ ರೀತಿ ಬದಲಾಯಿಸಿ.

ಇನ್ನೊಂದು, ಬಿಡಿಭಾಗ. ಕುಟ್ಟದ ಕಡೆ ಒಬ್ಬರಿಗೆ ಮೆಷಿನ್ ಕೊಟ್ಟೆ, ಒಂದು ಸಣ್ಣ ಸ್ಟಾರ್ಟರ್ ಹಗ್ಗಕ್ಕೆ 3 ವಾರ ಕಾಯಿಸಿದರು ನಮ್ಮ ಅಂಗಡಿಯಲ್ಲಿ. ಈಗ ಆ ರಸ್ತೆಯಲ್ಲಿ ಹೋಗಲು ನನಗೆ ಮುಖ ಇಲ್ಲ. ಆ ತೋಟದ ಅಕ್ಕಪಕ್ಕದ ನಾಲ್ಕು ತೋಟವೂ ಕೈ ತಪ್ಪಿ ಹೋಯಿತು. ಮಾರಿದವನೇ ಆ ಊರಿನಲ್ಲಿ ಮತ್ತೆ ಓಡಾಡಬೇಕು ಅನ್ನುವುದು ಅಂಗಡಿಯ ಒಳಗೆ ಕುಳಿತವರಿಗೆ ತಿಳಿಯುವುದಿಲ್ಲ.

ಕುಶಾಲನಗರ ಸೇಲ್ಸ್:

ಮೊದಲು ಗೊಬ್ಬರ, ಆಮೇಲೆ ಟ್ರ್ಯಾಕ್ಟರ್, ಒಟ್ಟು 14 ವರ್ಷ ಟೀಮ್ ನೋಡಿಕೊಂಡಿದ್ದೇನೆ. ಮೇಲಿನ ಎಲ್ಲರ ಮಾತೂ ಸರಿ. ಟಾರ್ಗೆಟ್ ಬಗ್ಗೆ ಮಾತ್ರ ಸೇರಿಸುತ್ತೇನೆ, ಅದನ್ನು ಯಾರೂ ಮುಟ್ಟಿಲ್ಲ.

ನಿಮ್ಮ ಮಾಲೀಕರು ವರ್ಷದ ಟಾರ್ಗೆಟನ್ನು 12ರಿಂದ ಭಾಗಿಸಿ ತಿಂಗಳಿಗೆ ಇಷ್ಟು ಅಂತ ಹಾಕಿದ್ದಾರೆ ಅಂದುಕೊಂಡಿದ್ದೇನೆ. ಬೆಂಗಳೂರಿನ ಅಂಗಡಿಗೆ ಅದು ಸರಿ ಹೋಗಬಹುದು, ಕೊಡಗಿಗೆ ಆಗುವುದಿಲ್ಲ. ಜುಲೈನಲ್ಲಿ ಧೋ ಅಂತ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಎಲ್ಲೋ ಮರ ಬಿದ್ದು ರಸ್ತೆ ಬಂದ್. ಆ ತಿಂಗಳು ಬಿಲ್ ಕೇಳಿದರೆ ಹುಡುಗ ಎಲ್ಲಿಂದ ತರುತ್ತಾನೆ? ಮಳೆಗಾಲದಲ್ಲಿ ಅವನಿಗೆ ಬೇರೆ ಕೆಲಸ ಕೊಡಿ. ಹಳೇ ಗಿರಾಕಿಗಳ ಪಟ್ಟಿ ಸರಿ ಮಾಡುವುದು, ಯಾರ ಮನೆಯಲ್ಲಿ ಯಾವ ಮೆಷಿನ್, ಎಷ್ಟು ವರ್ಷದ್ದು ಅಂತ ಬರೆದುಕೊಳ್ಳುವುದು, ಮೆಷಿನ್ ತಂದು ಸರ್ವೀಸ್ ಮಾಡಿಸಿ ವಾಪಸ್ ಕೊಡುವುದು. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಬ್ರಷ್ ಕಟರ್. ಪುತ್ತರಿ ಹಬ್ಬ ಆದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಪಂಪ್ ಮತ್ತು ಸ್ಪ್ರಿಂಕ್ಲರ್ ಮಾತು ಶುರು ಮಾಡಬೇಕು, ಫೆಬ್ರವರಿಯಲ್ಲಿ ಹೋದರೆ ತಡ. ಟಾರ್ಗೆಟ್ ಇದರ ಹಿಂದೆ ಬರಬೇಕು.

ಕಮಿಷನ್ ಬಿಲ್ ಮೇಲೆ ಕೊಡುತ್ತಿದ್ದೀರಾ, ದುಡ್ಡು ಬಂದ ಮೇಲೆ ಕೊಡುತ್ತಿದ್ದೀರಾ? ಬಿಲ್ ಮೇಲೆ ಕೊಟ್ಟರೆ ತಿಂಗಳ ಕೊನೆಗೆ ಸಾಲಕ್ಕೆ ತಳ್ಳುತ್ತಾರೆ, ವಸೂಲಿ ನಿಮ್ಮ ತಲೆಗೆ. ನಾನು ಅರ್ಧ ಬಿಲ್ ಆದಾಗ, ಅರ್ಧ ದುಡ್ಡು ಬಂದಾಗ ಕೊಡುತ್ತಿದ್ದೆ. ಪೂರ್ತಿ ಕೊನೆಗೆ ಅಂದರೆ ಹುಡುಗನ ಮನೆ ನಡೆಯುವುದಿಲ್ಲ.

ಬೆಳಗಿನ ಮೀಟಿಂಗ್ 15 ನಿಮಿಷ ಸಾಕು. ಎಲ್ಲರ ಎದುರು ಬೈಯಬೇಡಿ, ಬೈಯುವುದಿದ್ದರೆ ಒಳಗೆ ಕರೆದು ಹೇಳಿ. ಎದುರಿಗೆ ಎರಡೇ ಪ್ರಶ್ನೆ ಕೇಳಿ, ನಿನ್ನೆ ಯಾವ ತೋಟದ ಮಾತು ಒಂದು ಹೆಜ್ಜೆ ಮುಂದೆ ಹೋಯಿತು, ಇವತ್ತು ನನ್ನಿಂದ ಏನು ಬೇಕು. ಎರಡನೇ ಪ್ರಶ್ನೆಗೆ ಮೊದಲ ಒಂದು ವಾರ ಯಾರೂ ಬಾಯಿ ಬಿಡುವುದಿಲ್ಲ. ಬಿಡದೆ ಕೇಳಿ, ಆಮೇಲೆ ಬಿಡಿಭಾಗ, ಡೆಮೊ, ಸಾಲದ ಗಡುವು ಎಲ್ಲ ಹೊರಗೆ ಬರುತ್ತದೆ.

ಗೋಣಿಕೊಪ್ಪ ಅಂಗಡಿ:

ಇವತ್ತು ಮಾಲೀಕರ ಹತ್ತಿರ ಮಾತಾಡಿದೆ. ಯಾರನ್ನೂ ಬಿಡಿಸುವುದಿಲ್ಲ, ಮಾರ್ಚ್‌ವರೆಗೆ ನೋಡೋಣ ಅಂದಿದ್ದಾರೆ. ಎಲ್ಲರಿಗೂ ಡೆಮೊ ಮೆಷಿನ್ ಕೊಡಲು ಒಪ್ಪಲಿಲ್ಲ, 2 ಹೆಚ್ಚಿಗೆ ಕೊಟ್ಟಿದ್ದಾರೆ, ಉಳಿದ ಮೂವರು ಸರದಿಯಲ್ಲಿ ಒಯ್ಯಬೇಕು. ದಿನದ ಕೊಟೇಶನ್ ಲೆಕ್ಕ ತೆಗೆದುಹಾಕಿದೆ. ಫೀಲ್ಡ್ ಹುಡುಗ, ನಿಮ್ಮ ಮಾತು ಓದಿ ನಮ್ಮವರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದೆ, ಬೈಯುವುದಿಲ್ಲ ಅಂತ ಮೊದಲೇ ಹೇಳಿ. 63ರಲ್ಲಿ 17 ಸುಮ್ನೆ ಬರೆದಿದ್ದು ಅಂತ ಒಪ್ಪಿಕೊಂಡರು. ಒಬ್ಬ ಹೇಳುವಾಗ ಕಣ್ಣೀರು ಹಾಕಿದ.

ಉಳಿದ 46 ತೋಟಕ್ಕೂ ಈ ವಾರ ಮತ್ತೆ ಹೋಗುತ್ತೇವೆ, ರೈಟರ್ ಎದುರೇ ಮಾಲೀಕರಿಗೆ ಫೋನ್ ಮಾಡುತ್ತೇವೆ. ನಾಳೆ ಬಾಳೆಲೆ ಕಡೆಗೆ ಹುಡುಗನ ಜೊತೆ ನಾನೇ ಹೊರಟಿದ್ದೇನೆ, ಅವನು ಮಾತಾಡುತ್ತಾನೆ, ನಾನು ಕೇಳುತ್ತೇನೆ. ಮೊದಲ ತೋಟಕ್ಕೆ ಮಾರಲು ಹೋಗುತ್ತಿಲ್ಲ. ಅವರ ಸ್ಪ್ರೇಯರ್‌ನ ವಾಷರ್ ಬಾಕಿ ಇತ್ತು, ಆಗಸ್ಟ್‌ನಿಂದ. ಅದು ಬ್ಯಾಗಿನಲ್ಲಿದೆ.