ಸಹಾಯ ಬೇಕು: ಇಟ್ಟಿಗೆ ಗೂಡಲ್ಲಿ ಜೀತ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಟ್ಟಡ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಬ್ರಿಟನ್ ಮೂಲದ ಕ್ಲೈಂಟ್ ಒಬ್ಬರು, ಅಲ್ಲಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ತೋರಿಸಿ, ಸಾಮಾನು ಎಲ್ಲಿಂದ ಬರುತ್ತದೆ, ದುಡಿಯುವವರು ಯಾರು ಎಂದು ಕೇಳಿದ್ದಾರೆ.

ಸಿಮೆಂಟು, ಕಬ್ಬಿಣದ್ದು ಹೇಗೋ ಆಯ್ತು. ಸಿಕ್ಕಿಕೊಂಡಿರುವುದು ಇಟ್ಟಿಗೆಯಲ್ಲಿ. ಗೂಡಿಗೇ ಹೋಗಿ ನೋಡಿದೆ. ಒಡಿಶಾದ ಬಲಾಂಗೀರ್ ಕಡೆಯ ಕುಟುಂಬಗಳು. ಊರಲ್ಲೇ ಸರ್ದಾರನಿಂದ (ಕೂಲಿಯಾಳುಗಳನ್ನು ಕರೆತರುವ ಮಧ್ಯವರ್ತಿ) ಮುಂಗಡ ತೆಗೆದುಕೊಂಡು ಬಂದಿದ್ದಾರೆ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ವಾರಕ್ಕೆ ಖರ್ಚಿಗೆ ಮಾತ್ರ ಕಾಸು, ಉಳಿದ ಲೆಕ್ಕ ಸೀಸನ್ ಮುಗಿದ ಮೇಲೆ. ಲೆಕ್ಕದ ಪುಸ್ತಕ ಮಾಲೀಕನ ಹತ್ತಿರ. 'ನಮ್ಮಲ್ಲಿ ಜೀತ ಇಲ್ಲ' ಅಂತ ಪತ್ರ ಕೇಳಿದರೆ ಓದದೆಯೇ ಸಹಿ ಹಾಕಿ ಕೊಟ್ಟ!

ಮುಂಗಡದ ಕಾರಣಕ್ಕೆ ಕೆಲಸ ಬಿಟ್ಟು ಹೋಗಲು ಆಗದಿದ್ದರೆ, ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅದೂ ಜೀತವೇ. ಆದರೆ ಮಾಲೀಕನ ಎದುರು 'ಬಿಟ್ಟು ಹೋಗಬಹುದಾ?' ಅಂತ ಕೇಳಿದರೆ ನಿಜ ಹೇಳುವವರು ಯಾರು? ಖರೀದಿ ನಿಲ್ಲಿಸಿದರೆ ಆ ಇಟ್ಟಿಗೆ ಬೇರೆಯವರಿಗೆ ಹೋಗುತ್ತದೆ, ಅಷ್ಟೇ. ನಮ್ಮ ಆಫೀಸಲ್ಲಂತೂ ಶಹಬ್ಬಾಸ್‌ಗಿರಿ ಸಿಗುವುದು ರೇಟು ಇಳಿಸಿದವನಿಗೆ. ಇಳಿದ ದುಡ್ಡು ಯಾರ ಕೂಲಿಯಿಂದ ಹೋಯ್ತು ಅಂತ ಯಾರೂ ಕೇಳಲ್ಲ.

ಇಂಥ ಕೆಲಸ ಮಾಡಿದವರು ಹೇಳಿ: ಕಾರ್ಮಿಕರಿಗೆ ತೊಂದರೆಯಾಗದಂತೆ ಮುಂಗಡ, ಕೂಲಿಯ ನಿಜ ಲೆಕ್ಕ ತಿಳಿಯುವುದು ಹೇಗೆ? ಪರ್ಚೇಸ್ ಆರ್ಡರಿನಲ್ಲಿ ಯಾವ ಷರತ್ತು ಹಾಕಿದರೆ ಗೂಡಿನವರು ನಿಜವಾಗಿ ಪಾಲಿಸುತ್ತಾರೆ?