ಎಕ್ಸ್‌ರೇ ಬೇಡ ಅಂತ ಮಾತ್ರ ಹೇಳಬೇಡ, ತಂಗಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಆರು ದಿನದ ಕೂಸಿಗೆ ನಾಲ್ಕು ಎಕ್ಸ್‌ರೇ ಆಯ್ತು, ಪಕ್ಕದ ಗಾಜಿನ ಪೆಟ್ಟಿಗೆಯ (ಇನ್‌ಕ್ಯುಬೇಟರ್) ಮಗುವಿಗೆ ತೆಗೆದರೂ ಅದರ ವಿಕಿರಣ ನಮ್ಮದಕ್ಕೆ ತಾಗುತ್ತದಾ, ನಾಳೆ ಕಾರವಾರದಿಂದ ಮಣಿಪಾಲಕ್ಕೆ ಹೋದರೆ ಮತ್ತೆ ತೆಗೆಯುತ್ತಾರಾ ಅಂತ ಕೇಳಿದ್ದೀಯ. ಕನ್ನಡಕ ಸಿಗುತ್ತಿಲ್ಲ, ಬಾಯಲ್ಲೇ ಹೇಳುತ್ತೇನೆ.

ನಮ್ಮ ಮೊಮ್ಮಗ ಮಾಣಿ ಏಳು ತಿಂಗಳಿಗೇ ಹುಟ್ಟಿದ್ದು ನಿಮಗೆಲ್ಲ ಗೊತ್ತಲ್ಲ. ಹುಬ್ಬಳ್ಳಿಯಲ್ಲಿ ಮೂರನೇ ದಿನ ಬೆಳಗಿನ ಜಾವ ಉಸಿರು ಏರಿತು. ಪಕ್ಕೆಲುಬಿನ ನಡುವಿನ ಚರ್ಮ ಒಳಗೊಳಗೆ ಎಳೆಯುತ್ತಿತ್ತು. ಗಾಲಿಯ ಮಷಿನ್ ತಳ್ಳಿಕೊಂಡು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ! ಆಗಲೇ ಎರಡು ಆಗಿದೆ, ಇನ್ನು ಬೇಡವೇ ಬೇಡ ಅಂದೆ. ತಲೆಯಲ್ಲಿ ಕೈಗಾ ಅಣುಸ್ಥಾವರ ಕೂತಿತ್ತು ನೋಡು. ಅದರ ಹತ್ತಿರದ ಮಲ್ಲಾಪುರದ ಚಿಕ್ಕಮ್ಮನ ಮನೆಯಲ್ಲಿ ಕೇಳಿದ ವಿಕಿರಣದ ಮಾತು ಒಂದೆರಡಾ? ಅಳಿಯ ನನಗೆ ಹೆದರಿ ಬಾಯಿ ಬಿಡಲಿಲ್ಲ. ಮುಕ್ಕಾಲು ಗಂಟೆ ಹಾಳಾಯಿತು. ಆಮೇಲೆ ತೆಗೆದ ಫಿಲ್ಮಿನ ಮೇಲೆ ಡಾಕ್ಟರು ಬೆರಳಿಟ್ಟು ತೋರಿಸಿದರು. ಶ್ವಾಸಕೋಶದ ಹೊರಗೆ ಗಾಳಿ ಸೇರಿ ಅದನ್ನು ಮುದುಡಿಸಿಬಿಟ್ಟಿತ್ತು. ಪಕ್ಕೆಗೆ ಸಣ್ಣ ನಳಿಗೆ ಹಾಕಿ ಗಾಳಿ ತೆಗೆದರು. ನೀಲಿ ತುಟಿ ಕೆಂಪಾಗುವುದನ್ನು ಈ ಕಣ್ಣಲ್ಲೇ ನೋಡಿದೆ. ಹೆದರಿಕೊಂಡು ಎಕ್ಸ್‌ರೇ ತಡೆಯಬೇಡ, ತಂಗಿ.

ಎಕ್ಸ್‌ರೇ ತೆಗೆಯುವ ಹುಡುಗನಿಗೆ ತಪ್ಪಾಯ್ತು ಮಾರಾಯ ಅಂದೆ. ಪಾಪ, ಸಿಟ್ಟು ಮಾಡಲಿಲ್ಲ. ಚೀಟಿಯ ಹಿಂದೆ ಲೆಕ್ಕ ಬರೆದುಕೊಟ್ಟ. ಕೂಸಿನ ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್, ಅದು ಮೈಗೆ ತಾಗುವ ವಿಕಿರಣದ ಅಳತೆ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ತಾಗುತ್ತದಂತೆ. ಅಂದರೆ ಒಂದು ಎಕ್ಸ್‌ರೇ ಅಂದರೆ ಸುಮ್ನೆ ಕೂತ ಮೂರು ದಿನ. ಎಳೆ ಜೀವಕ್ಕೆ ನಮಗಿಂತ ಜಾಸ್ತಿ ನಾಟುತ್ತದೆ, ಅದಕ್ಕೇ ಬೇಕಾದಾಗ ಮಾತ್ರ, ಬೇಕಾದಷ್ಟೇ ಜಾಗಕ್ಕೆ ಬಿಡುತ್ತೇವೆ ಅಂದ. ಆ ಚೀಟಿ ಇನ್ನೂ ನನ್ನ ಪಂಚಾಂಗದೊಳಗಿದೆ. ಮತ್ತೊಮ್ಮೆ ಹೇಳುತ್ತೇನೆ, ಡಾಕ್ಟರು ಬೇಕು ಅಂದ ಎಕ್ಸ್‌ರೇಗೆ ಅಡ್ಡ ನಿಲ್ಲಬೇಡ.

ಹುಬ್ಬಳ್ಳಿಗೆ ಹೋಗಬೇಕಾದದ್ದಾದರೂ ಯಾಕೆ? ಕಾಳಿ ನದಿಗೆ ಅಣೆಕಟ್ಟು, ಕೈಗಾ, ನೌಕಾನೆಲೆ, ಎಲ್ಲದಕ್ಕೂ ಜಾಗ ಕೊಟ್ಟವರು ನಾವು, ಕಾರವಾರದ ಕಡೆಯವರು. ಕೂಸಿಗೆ ಉಸಿರು ಕಟ್ಟಿದರೆ ಮಾತ್ರ ಹುಬ್ಬಳ್ಳಿ, ಮಣಿಪಾಲ, ಇಲ್ಲಾ ಗೋವಾ. ಹದಿನೆಂಟು ದಿನ ಹುಬ್ಬಳ್ಳಿಯಲ್ಲಿ ಬೆಂಚಿನ ಮೇಲೆ ಮಲಗಿದೆ. ಆ ಊರಲ್ಲೇ ಮನೆ ಇದ್ದವರು ಒಂದು ಫ್ಲಾಸ್ಕ್ ಕಷಾಯ ತರಲಿಲ್ಲ. ಯಾರು ಅಂತ ಹೇಳುವುದಿಲ್ಲ. ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯ್ತು. ಪಕ್ಕದ ಮಗುವಿನದು ನಮ್ಮ ಕೂಸಿಗೆ ತಾಗಿದರೂ ಲೆಕ್ಕಕ್ಕಿಲ್ಲದಷ್ಟು. ದೂರ ಎರಡು ಪಟ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ವಿಚ್ ಆರಿಸಿದ ಮೇಲೆ ಕೋಣೆಯಲ್ಲೂ ಇಲ್ಲ, ಮೈಯಲ್ಲೂ ಇಲ್ಲ. ನಿನ್ನ ಎದೆಹಾಲಿಗೂ ಏನೂ ಆಗುವುದಿಲ್ಲ. ತಲೆಗೆ ಮಾಡುವ ಅಲ್ಟ್ರಾಸೌಂಡಿನಲ್ಲಿ ವಿಕಿರಣವೇ ಇಲ್ಲ. ಬಸುರಿ ನಾದಿನಿ ಮಾತ್ರ ಮಷಿನ್ ಬಂದಾಗ ಹೊರಗೆ ಹೋಗಲಿ. ಮತ್ತೆ ನಾಳೆ ಹೊರಡುವಾಗ ನಾಲ್ಕೂ ಎಕ್ಸ್‌ರೇ ಕೇಳಿ ತಗೋ, ಫಿಲ್ಮೋ ಸಿಡಿಯೋ ಏನು ಕೊಡುತ್ತಾರೋ ಅದು. ಹಳೆಯದು ಕೈಯಲ್ಲಿದ್ದರೆ ಅಲ್ಲಿ ಸುಮ್ಮನೆ ಅದನ್ನೇ ಮತ್ತೆ ತೆಗೆಯುವುದು ತಪ್ಪುತ್ತದೆ. ಅಳಿಯನ ಕೈಗೆ ಕೊಡಬೇಡ, ಮಡಚಿ ಜೇಬಿಗೆ ಹಾಕುತ್ತಾನೆ. ನಿನ್ನ ಚೀಲದಲ್ಲೇ ಇಟ್ಟುಕೋ.