ಹೆರಿಗೆಗೆ ಎಂಟು ವಾರ, ಗೋಡೆ ಇನ್ನೂ ಹಸಿ: ಯಾವ ಕೆಲಸ ಮುಗಿಸಲಿ, ಯಾವುದನ್ನು ನಿಲ್ಲಿಸಲಿ?

ಪ್ರಶ್ನೆ: ಡೊಂಬಿವಲಿಯ ಸೊಸೆ

ನಾವು ಡೊಂಬಿವಲಿಯಲ್ಲಿ ಕೊಂಡಿರುವುದು ಒಂದೇ ಮಲಗುವ ಕೋಣೆಯ ಮನೆ. ಕಟ್ಟಡಕ್ಕೆ 30 ವರ್ಷ ದಾಟಿದೆ. ನನಗೀಗ 32ನೆಯ ವಾರ. ತವರಿಗೆ ಹೋಗುವ ಬದಲು ಅಮ್ಮನನ್ನೇ ಧಾರವಾಡದಿಂದ ಕರೆಸಿಕೊಂಡು ಬಾಣಂತನ ಇಲ್ಲಿಯೇ ಆಗಲೆಂದು ಮೇ ತಿಂಗಳಲ್ಲಿ ದುರಸ್ತಿ ಆರಂಭಿಸಿದೆವು. ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಯಬಾರದೆಂದು ಅತ್ತೆಯವರು ಹೇಳಿದ್ದರು, ನಾವು ಕೇಳಲಿಲ್ಲ. ಬಚ್ಚಲಿನ ಟೈಲ್ಸ್ ಕಿತ್ತಾಗ ಕೆಳಗಿನ ಮನೆಗೆ ನೀರು ಸೋರುತ್ತಿರುವುದು ತಿಳಿದು, ಜೂನ್‌ನಲ್ಲಿ ಮುಗಿಯಬೇಕಾದ ಕೆಲಸ ಜುಲೈ ನಡುವಿಗೆ ಬಂದಿದೆ. ಕೋಣೆಗೆ ಹೊಸ ಗಾರೆ ಮಾಡಿ ಹದಿನೈದು ದಿನವಾದರೂ ಅಂಗೈ ಇಟ್ಟರೆ ತಣ್ಣಗೆ ತೇವ ತಾಗುತ್ತದೆ. ಅಡುಗೆಮನೆಗೆ ಇನ್ನೂ ಕೈ ಹಾಕಿಲ್ಲ. ಸ್ನಾನಕ್ಕೆ ನೆರೆಯವರ ಮನೆಗೆ ಹೋಗುತ್ತಿದ್ದೇವೆ.

ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಪಡಸಾಲೆಯಲ್ಲಿ ಕುಳಿತು, ಅಜ್ಜಿ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಪುಟ್ಟ ಕೌದಿಯನ್ನು ಬಿಚ್ಚಿ ಮಡಚುತ್ತೇನೆ. ಮಡಿಕೆಯಲ್ಲಿ ಸಿಮೆಂಟಿನ ಧೂಳು ಕಂಡರೆ ಅಳು ಬರುತ್ತದೆ. ನಿನ್ನೆ ತಾಳಲಾರದೆ ಉಪ್ಪುಕಾಗದ ಹಿಡಿದು ಕಿಟಕಿಯ ಹಳೆಯ ಬಣ್ಣವನ್ನು ನಾನೇ ಉಜ್ಜಲು ಕುಳಿತೆ. ಇರುವ ಎಂಟು ವಾರಗಳಲ್ಲಿ ಏನನ್ನು ಮಾಡಿಸಲಿ?

ಉತ್ತರ: ಪುಣೆಯ ಸೈಟ್ ಇಂಜಿನಿಯರ್

ಮೊದಲು ಆ ಉಪ್ಪುಕಾಗದವನ್ನು ಕೆಳಗಿಡಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದೆಂದೇ ಎಣಿಸಬೇಕು. ಒಣಗಿದ್ದಾಗ ಉಜ್ಜಿದರೆ ಅದು ಧೂಳಾಗಿ ಉಸಿರಿಗೆ ಸೇರುತ್ತದೆ, ತಾಯಿಯ ರಕ್ತದಿಂದ ಮಗುವಿಗೂ ದಾಟುತ್ತದೆ. ನಿನ್ನೆಯ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸಿ. ಆ ಕೆಲಸವನ್ನು ಬೇರೆಯವರು ನೀರು ಹಾಕಿ ಉಜ್ಜಿ ಮುಗಿಸಿ, ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ನೀವು ಮನೆಯೊಳಗೆ ಬರಬೇಕು.

ಗಾರೆಯನ್ನು ಅವಸರಪಡಿಸಲು ಆಗುವುದಿಲ್ಲ. ಬೇಸಿಗೆಯಲ್ಲೇ ಸುಮಾರು 28 ದಿನ ಬಿಡುತ್ತೇವೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಗೋಡೆಗೆ ಪುಟ್ಟಿ ಹಚ್ಚಿದರೆ ಬಣ್ಣ ಗುಳ್ಳೆಯೆದ್ದು, ಬಾಣಂತಿ ಮಲಗುವ ಕೋಣೆಯಲ್ಲೇ ಬೂಷ್ಟು ಹಿಡಿಯುತ್ತದೆ. ಆಗಸ್ಟ್ ನಡುವಿಗೆ ಬಣ್ಣ ಹೊಡೆಸಿದರೂ ವಾಸನೆ ಹೋಗಲು ನಿಮಗೆ ಒಂದು ತಿಂಗಳು ಸಿಗುತ್ತದೆ. ಅಲ್ಲಿಯವರೆಗೆ ಬಚ್ಚಲನ್ನು ಹಿಡಿಯಿರಿ: ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗಿನ ಮನೆಯವರ ಸೂರನ್ನು ನೋಡದೆ ಟೈಲ್ಸ್ ಹಾಕಿಸಬೇಡಿ. ಗಣೇಶ ಚತುರ್ಥಿಗೆ ಕೊಂಕಣದ ಕೆಲಸಗಾರರು ಊರಿಗೆ ಹೋಗುತ್ತಾರೆ. ಆ ದಿನಗಳನ್ನು ಲೆಕ್ಕದಿಂದ ಕಳೆದುಬಿಡಿ. ಅಡುಗೆಮನೆಯನ್ನು ಈಗ ಖಂಡಿತ ಮುಟ್ಟಬೇಡಿ.

ಉತ್ತರ: ಮುಲುಂಡಿನ ಅಜ್ಜಿ

ಮಗಳೇ, ಈ ಚಡಪಡಿಕೆಗೆ ನೀನು ನಾಚಬೇಕಾಗಿಲ್ಲ. ದಿನ ತುಂಬುತ್ತಾ ಬಂದಾಗ ಮೂಲೆಮೂಲೆಯನ್ನು ತೊಳೆದಿಡಬೇಕೆನ್ನಿಸುವುದನ್ನು ನಾನು ನನ್ನಲ್ಲೂ ಸೊಸೆಯಲ್ಲೂ ಕಂಡಿದ್ದೇನೆ. ಆದರೆ ಸ್ಟೂಲು ಹತ್ತಬೇಡ. ಎಳೆಗೂಸಿಗೆ ಬೇರೆ ಕೋಣೆ ಬೇಡ, ನಿನ್ನ ಕೋಣೆಯೇ ಸಾಕು; ಬೇಕಾದದ್ದು ಬಿಸಿನೀರು ಮತ್ತು ಧೂಳಿಲ್ಲದ ಒಂದು ಮೂಲೆ.

ಟೈಲ್ಸ್ ಹಾಕುವ ಮೊದಲು ಒಂದು ಅಳತೆ ತೆಗೆಸು. ಮಗುವಿಗೆ ಎರೆಯುವವರು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಪಕ್ಕದಲ್ಲಿ ಕೈಗೆಟಕುವಂತೆ ಬಿಸಿನೀರಿನ ಬಕೆಟ್ ಇರಬೇಕು. ನನ್ನ ಮಗ ಬಚ್ಚಲಿಗೆ ದೊಡ್ಡ ಬೇಸಿನ್ ಮತ್ತು ಗಾಜಿನ ತಡೆ ಹಾಕಿಸಿದ್ದರಿಂದ ನನ್ನ ಪಾದ ಬಾಗಿಲಿಗೆ ತಾಗುತ್ತಿತ್ತು. ಮೊಮ್ಮಗನಿಗೆ ಮೂರು ತಿಂಗಳು ಮೊಣಕಾಲು ಮಡಚಿಕೊಂಡೇ ಎರೆದೆ. ನಿನ್ನ ತಾಯಿಯನ್ನು ಆ ಜಾಗದಲ್ಲಿ ಒಮ್ಮೆ ಕೂರಿಸಿ ನೋಡಿದ ಮೇಲೆ ಬೇಸಿನ್ ಎಲ್ಲಿರಬೇಕೆಂದು ಹೇಳು. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಒರಟಾದದ್ದು ಇರಲಿ.

ಉತ್ತರ: ಮಡಗಾಂವಿನಿಂದ, ಇಬ್ಬರು ಮಕ್ಕಳ ತಾಯಿ

ನನ್ನ ಮೊದಲ ಮಗು 37ನೆಯ ವಾರದಲ್ಲೇ ಬಂದದ್ದರಿಂದ, ನಿಮ್ಮ ಬಳಿ ಎಂಟಲ್ಲ, ಐದು ವಾರ ಇದೆಯೆಂದು ಎಣಿಸಿಕೊಳ್ಳಿ ಎನ್ನುತ್ತೇನೆ. ಆಸ್ಪತ್ರೆಯ ಚೀಲ ಈ ವಾರವೇ ಸಿದ್ಧವಾಗಲಿ. ಹೊಸ ಪ್ಲೈವುಡ್ ಕಪಾಟನ್ನೂ ಮುಂದೂಡಿ. ಅದರ ಅಂಟಿನ ಘಾಟು ಮಳೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಿಂದ ಬೇಗ ಹೋಗುವುದಿಲ್ಲ. ಮಗುವಿನ ಬಟ್ಟೆಗೆ ಹಳೆಯ ಸ್ಟೀಲ್ ಟ್ರಂಕ್ ಸಾಕಾಯಿತು.

ಮತ್ತೆ: ಡೊಂಬಿವಲಿಯ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ಉಜ್ಜಿದ ವಿಷಯವನ್ನು ಇಂದು ವೈದ್ಯರಿಗೆ ಫೋನಿನಲ್ಲಿ ತಿಳಿಸಿದೆ; ನಾಳೆಯಿಂದ ಧೂಳಿನ ಕೆಲಸ ಮುಗಿಯುವವರೆಗೆ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ. ಅಡುಗೆಮನೆ ದೀಪಾವಳಿಯ ನಂತರ. ಒಂದೇ ಸಂದೇಹ ಉಳಿದಿದೆ: ತೊಟ್ಟಿಲ ಕೊಂಡಿಯನ್ನು ಈಗಲೇ ಹಾಕಿಸಬಹುದೇ?

ಉತ್ತರ: ಪುಣೆಯ ಸೈಟ್ ಇಂಜಿನಿಯರ್

ಬಣ್ಣಕ್ಕೆ ಮೊದಲೇ ಹಾಕಿಸಿ, ಆದರೆ ಕಾಂಕ್ರೀಟ್ ಸ್ಲ್ಯಾಬ್ ಗಟ್ಟಿಯಿದ್ದರೆ ಮಾತ್ರ. ಹಳೆಯ ಕಟ್ಟಡಗಳಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬ್ ಉದುರುವುದುಂಟು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಕೊರೆಯಬಾರದು, ನೆಲದ ಮೇಲೆ ನಿಲ್ಲುವ ತೊಟ್ಟಿಲನ್ನೇ ತನ್ನಿ.